ಮೇಲ್ದವಡೆಯ ಸಾಕ್ಷಿ

ಕನ್ನಮ್ಮ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಹೆಬ್ಬೆರಳಲ್ಲಿ ಕಿವುಚಿ, ಬೊಚ್ಚುಬಾಯಿಯ ಮುದುಕಿಯ ಹಾಗೆ ನುಂಗುತ್ತಿದ್ದಳು. ಅವಳಿಗೆ ಇಪ್ಪತ್ತಾರು ವರ್ಷ. ಹಲ್ಲುಗಳೆಲ್ಲ ಬಾಯಲ್ಲೇ ಇದ್ದವು. ಆದರೆ ಮೇಲಿನ ಮುಂದಿನ ಸಾಲು ಮೂಳೆಯ ಸಮೇತ ಒಳಕ್ಕೆ ಕುಸಿದು, ಕೆಳಗಿನ ಹಲ್ಲುಗಳ ಹಿಂದೆ ಹೋಗಿ ನಿಂತಿತ್ತು. ಕಚ್ಚಲು ಹೋದರೆ ಮೇಲಿನದಕ್ಕೆ ಕೆಳಗಿನದು ಸಿಗುತ್ತಿರಲಿಲ್ಲ. ಮಾತಾಡಿದರೆ ಅರ್ಧ ಮಾತು, ಅರ್ಧ ಗಾಳಿ.

"ಅತ್ತಿಗೆ, ಇನ್ನೊಂದು ಹಾಕ್ಲಾ?" ಎಂದಳು ತಮ್ಮನ ಹೆಂಡತಿ ಶರಾವತಿ.

"ಬ್ಯಾಡ ಮಾರಾಯ್ತಿ. ಇದನ್ನ ನುಂಗಾಷ್ಟ್ರಲ್ಲೇ ಮುಂದಿನ್ ಹಬ್ಬ ಬರ್ತದೆ," ಎಂದು ಕನ್ನಮ್ಮ ನಕ್ಕಳು. ನಗುವಾಗ ಸೆರಗು ಬಾಯಿಗೆ ಅಡ್ಡ ಬಂತು.

ಎದುರಿಗೆ ಉಣ್ಣುತ್ತಿದ್ದ ತಮ್ಮ ಗುತ್ಯಪ್ಪ ತಲೆ ಎತ್ತಲಿಲ್ಲ. ಅವನು ಸಾಗರದ ಮರದ ಮಿಲ್ಲಿನಲ್ಲಿ ಗರಗಸದ ಕೆಲಸದವನು. ಅಕ್ಕ ಹೊಸನಗರದ ಕಡೆಯ ಗಂಡನ ಮನೆಯಿಂದ ಬಂದು ಎರಡು ದಿನವಾಗಿತ್ತು. ಹೀಗಾದ ಮೇಲೆ, ಅಂದರೆ ಒಂಬತ್ತು ತಿಂಗಳಲ್ಲಿ, ಅವಳು ತವರಿಗೆ ಬಂದದ್ದು ಇದೇ ಮೊದಲು.

ಏನಾಯಿತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ ಸಿದ್ಧವಿತ್ತು: ಎತ್ತು ಹಾಯಿತು. ಹಾಯದ ಎತ್ತು ಹೇಗೆ ಹಾಯಿತು ಎಂಬುದು ಇಡೀ ಊರಿಗೆ ಗೊತ್ತಿತ್ತು. ಕನ್ನಮ್ಮನ ಗಂಡ ಹೂವಪ್ಪನ ಕೈ ಎಂಥದ್ದು ಎಂಬುದೂ ಗೊತ್ತಿತ್ತು. ಆದರೆ ಗುತ್ಯಪ್ಪನ ಹೆಂಡತಿ ಶರಾವತಿ ಇದೇ ಹೂವಪ್ಪನ ತಂಗಿ. ಒಂದೇ ಚಪ್ಪರದಡಿ ಕೊಟ್ಟು ತಂದ ಸಂಬಂಧ. ಇವಳು ಗಂಡನನ್ನು ಬಿಟ್ಟು ತವರಿಗೆ ಬಂದರೆ ಅವಳೂ ಗಂಡನನ್ನು ಬಿಟ್ಟು ತವರಿಗೆ ಹೋಗಬೇಕು. ಅದಕ್ಕೇ ಹೂವಪ್ಪನ ದೊಡ್ಡಪ್ಪ, ಊರಿನ ಹಿರಿಯ ಮಂಜುನಾಥಪ್ಪ, ಎರಡೂ ಮನೆಯವರನ್ನು ಹಿನ್ನೀರು ದಾಟಿಸಿ ಸಿಗಂದೂರಿಗೆ ಕರೆದೊಯ್ದು, ಎತ್ತೇ ಹಾಯ್ದದ್ದು ಎಂದು ದೇವಿಯ ಮುಂದೆ ಆಣೆ ಮಾಡಿಸಿದ್ದ. ಸುಳ್ಳು ಗಟ್ಟಿಯಾಗಲೆಂದು ಎತ್ತಿನ ಕೋಡುಗಳನ್ನೂ ಕೊಯ್ಯಿಸಿದ. "ಮಿಲ್ಲಿನ ಕೈ ನಿಂದು, ನೀನೇ ಕೊಯ್ಯೋ," ಎಂದು ಗರಗಸ ಕೊಟ್ಟದ್ದು ಗುತ್ಯಪ್ಪನಿಗೇ. ಅವನು ಕೊಯ್ದ. ಏನೂ ಮಾಡದ ಆ ಮೂಕಪ್ರಾಣಿ ಕಂಬಕ್ಕೆ ಬಿಗಿಸಿಕೊಂಡು ಅರಚುತ್ತಿದ್ದರೆ ಊರು ನಿಂತು ನೋಡಿತು. ಹೂವಪ್ಪ ಹಗ್ಗ ಹಿಡಿದಿದ್ದ.

ಊಟದೆಲೆ ಎತ್ತುತ್ತ ಶರಾವತಿ ಗಂಡನಿಗೆ ಹೇಳಿದಳು: "ತಲೆ ತಗ್ಗಿಸ್ಕಂಡು ಕೂತ್ರೆ ಮೂಳೆ ಕೂಡ್ತದಾ? ಘಟ್ಟದ ಕೆಳ್ಗೆ ದವಡೆ ಡಾಕ್ಟ್ರು ಇದಾರಂತೆ. ಕರ್ಕಂಡ್ ಹೋಗ್ರಿ."

ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ, ಆಗುಂಬೆ ಘಾಟಿ ಇಳಿದು ಅಕ್ಕ ತಮ್ಮ ಆ ದೊಡ್ಡಾಸ್ಪತ್ರೆ ಸೇರಿದರು. ಡಾಕ್ಟರು ಕರಾವಳಿಯವರು, ಐವತ್ತರ ಆಸುಪಾಸಿನವರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕನ್ನಮ್ಮನ ಬಾಯೊಳಗೆ ಬೆರಳಿಟ್ಟು ಅಂಗುಳ ಒತ್ತಿದರು.

"ಮುರಿದಾಗಲೇ ಬರುವುದಲ್ಲವಾ ಮಾರಾಯ್ರೇ? ಯಾರು ಕಟ್ಟಿದ್ದು ಇದನ್ನು?"

"ನಾಟಿ ವೈದ್ಯರು. ಸೊಪ್ಪರೆದು, ಬಟ್ಟೆ ಸುತ್ತಿ..."

"ಸೊಪ್ಪಿನದ್ದೇನೂ ತಪ್ಪಿಲ್ಲ. ಸೊಟ್ಟಗೆ ಇದ್ದ ಹಾಗೆಯೇ ಮೂಳೆ ಕೂಡಿಕೊಂಡಿದೆ. ಈಗ ಕೊಯ್ದು ಬಿಡಿಸಿ ಮತ್ತೆ ಕೂಡಿಸಬೇಕು."

ಮೇಜಿನ ಮೇಲೆ ಸುಣ್ಣದ ಅಚ್ಚಿನ ದವಡೆಯೊಂದಿತ್ತು. ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಅವರು ವಿವರಿಸಿದರು. ಮೇಲ್ದವಡೆ ಒಳಗೆ ಟೊಳ್ಳು, ಕೆಳಗಿನದರಷ್ಟು ಗಟ್ಟಿಯಲ್ಲ. ಅದನ್ನು ಸರಿಪಡಿಸಲು ಬೇರೆ ಬೇರೆ ದಾರಿಗಳಿವೆ. ಮೂಗಿನ ಕೆಳಗೆ ಅಡ್ಡಲಾಗಿ ಕೊಯ್ದು ಇಡೀ ಹಲ್ಲಿನ ಸಾಲನ್ನೇ ಬಿಡಿಸಿ ಮುಂದೆ ತರುವುದು ಒಂದು. ಅದು ದೊಡ್ಡದು, ರಕ್ತ ಬಹಳ ಹೋಗುತ್ತದೆ, ಜೀವಕ್ಕೂ ಸಂಚಕಾರ. ಅಂಗುಳ ಇಕ್ಕಟ್ಟಾಗಿದ್ದರೆ ನಡುವೆ ಸೀಳಿ ಅಗಲ ಮಾಡುವುದು ಇನ್ನೊಂದು. ಮುಂದಿನ ಆರು ಹಲ್ಲುಗಳಿರುವ ತುಂಡನ್ನು ಮಾತ್ರ ಬಿಡಿಸಿ ಅದರ ಜಾಗಕ್ಕೆ ತರುವುದು ಮತ್ತೊಂದು.

ಮರದ ತುಂಡುಗಳ ನಡುವೆಯೇ ಬೆಳೆದ ಗುತ್ಯಪ್ಪನಿಗೆ ಇದು ತಟ್ಟನೆ ತಿಳಿಯಿತು. "ಅಕ್ಕಂಗೆ ಯಾವ್ದು ಸಾರ್?"

"ಅದನ್ನೇ ನಾನು ನಿನ್ನ ಹತ್ರ ಕೇಳಬೇಕು. ಹಳೇ ಮುರಿತ. ಎಷ್ಟು ದೂರ ಬಿರುಕು ಬಿಟ್ಟಿತ್ತು ಅಂತ ಈ ಫಿಲ್ಮಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಪೆಟ್ಟು ಎಲ್ಲಿಂದ, ಹೇಗೆ ಬಿತ್ತು?"

"ಎತ್ತು ಹಾಯ್ತು ಸಾರ್."

"ಕೋಡಿನಿಂದಲಾ?"

"ಹೂಂ."

"ಕೋಡು ಕೆಳಗಿಂದ ಮೇಲೆ ಬರ್ತದೆ. ಗಲ್ಲ ಹರಿಯಬೇಕು, ತುಟಿ ಸೀಳಬೇಕು. ಇವರ ಮುಖದ ಮೇಲೆ ಒಂದು ಗೀರೂ ಇಲ್ಲವಲ್ಲ?" ಡಾಕ್ಟರು ಪೆನ್ಸಿಲ್ ಕೆಳಗಿಟ್ಟರು. "ನಾನು ಪೊಲೀಸಲ್ಲ ಮಾರಾಯ. ಆದರೆ ನೀನು ಎತ್ತು ಅಂದರೆ, ಅಷ್ಟು ದೊಡ್ಡ ಪೆಟ್ಟಿಗೆ ಇಡೀ ದವಡೆ ಸಡಿಲಾಗಿತ್ತು ಅಂತ ತಿಳಿದು ಆ ದೊಡ್ಡ ಕೊಯ್ತವನ್ನೇ ಮಾಡಬೇಕಾಗ್ತದೆ. ಸುಳ್ಳಿನ ಮೇಲೆ ಕತ್ತಿ ಇಡುವುದಕ್ಕೆ ನನಗೆ ಧೈರ್ಯ ಇಲ್ಲ."

ಗುತ್ಯಪ್ಪನ ಕಣ್ಣ ಮುಂದೆ ದೇವಿಯ ಆಣೆ ಬಂತು. ಅದಕ್ಕಿಂತ ಮೊದಲು ಶರಾವತಿಯ ಮುಖ ಬಂತು. ಆದರೂ ಹೇಳಿದ: "ಎತ್ತಲ್ಲ ಸಾರ್. ನಮ್ ಭಾವ. ಒನಕೆ ತಗಂಡು ಹೊಡ್ದಿದ್ದು."

ಒಂಬತ್ತು ತಿಂಗಳು ನುಂಗಿಟ್ಟದ್ದನ್ನು ಕಕ್ಕಿದ ಮೇಲೆ ಅವನಿಗೆ ತಾನೇನೋ ದೊಡ್ಡ ಗಂಡಸುತನದ ಕೆಲಸ ಮಾಡಿದಂತೆ ಅನ್ನಿಸಿತು. ಅಷ್ಟರಲ್ಲಿ ಕನ್ನಮ್ಮ ಬಾಯಿಂದ ಸೆರಗು ತೆಗೆದಳು.

"ಒನಕೆ ಅಲ್ಲ. ಒನಕೆ ಬೆನ್ನಿಗೆ, ಹಿಂದಿನ್ ದಿವ್ಸ."

ಇಬ್ಬರೂ ಅವಳ ಕಡೆ ತಿರುಗಿದರು.

"ಅವತ್ತು ಒಲೆ ಊದ್ತಾ ಕೂತಿದ್ದೆ. ಹಸಿ ಸೌದೆ, ಹತ್ಕಳ್ಳಿಲ್ಲ. ಊಟ ತಡ ಆಯ್ತು ಅಂತ ಹಿಂದಿಂದ ಬಂದು ತಲೆಗೆ ಒದ್ದ್ರು. ಕಬ್ಬಿಣದ ಊದುಗೊಳವೆ ಬಾಯಲ್ಲೇ ಇತ್ತು. ಅದು ಒಲೆ ಕಲ್ಲಿಗೆ ತಾಗಿ ಮುಂದಿನ್ ಹಲ್ಲು ಒಳಗೆ ಹೋಯ್ತು." ಉಸಿರು ತೆಗೆದುಕೊಂಡು, ತಮ್ಮನನ್ನೇ ನೋಡುತ್ತ ಹೇಳಿದಳು: "ಎಲ್ಲಾರೂ ಏನ್ ಹೇಳ್ಬೇಕು ಅಂತ ಹೇಳ್ಕೊಟ್ರಿ. ಏನಾಯ್ತು ಅಂತ ಒಬ್ರೂ ಕೇಳಿಲ್ಲ. ನೀನೂ ಕೇಳಿಲ್ಲ."

ಡಾಕ್ಟರು ಮತ್ತೊಮ್ಮೆ ಫಿಲ್ಮನ್ನು ಕಿಟಕಿಗೆ ಹಿಡಿದರು. ಈ ಸಲ ಅವರ ಬೆರಳು ತಡವರಿಸಲಿಲ್ಲ.

"ಹಾಗಾದರೆ ಪೆಟ್ಟು ನೇರ ಮುಂದಿನಿಂದ. ಮುಂದಿನ ತುಂಡು ಮಾತ್ರ ಒಳಗೆ ಹೋಗಿದೆ, ಹಿಂದಿನದ್ದು ಗಟ್ಟಿ ಇದೆ. ಚಿಕ್ಕ ಕೊಯ್ತ ಸಾಕು ತಂಗಿ. ಆರು ವಾರ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ತೇನೆ. ಗಂಜಿ ನೀರು ಮಾತ್ರ. ಆದರೆ ಒಂದು ಮಾತು. ಅಲ್ಲಿಗೆ ಇನ್ನೊಂದು ಪೆಟ್ಟು ಬಿದ್ದರೆ ಆಮೇಲೆ ಕೂಡಿಸಲಿಕ್ಕೆ ನನ್ನ ಹತ್ರ ಏನೂ ಉಳಿಯುವುದಿಲ್ಲ."

ಗುಮಾಸ್ತ ಒಪ್ಪಿಗೆಯ ಕಾಗದ ತಂದು ಗಂಡನ ಸಹಿ ಎಲ್ಲಿ ಎಂದು ಕೇಳಿದ. ಕನ್ನಮ್ಮ ಅವನ ಕೈಯಿಂದ ಶಾಯಿಯ ಡಬ್ಬಿ ಎಳೆದುಕೊಂಡು ತನ್ನ ಹೆಬ್ಬೆಟ್ಟು ಒತ್ತಿದಳು. ಡಾಕ್ಟರು ಅದು ಸಾಕೆಂದರು.

ಮೂರು ವಾರದ ಮೇಲೆ, ಬಾಯಿಗೆ ತಂತಿ ಬಿಗಿಸಿಕೊಂಡೇ, ಅವಳು ಸಾಗರದ ತಮ್ಮನ ಮನೆಗೆ ಬಂದಳು. ಆಸ್ಪತ್ರೆಯಲ್ಲಿ ನಿಜ ಹೇಳಿದ ಸುದ್ದಿ ಅವಳು ಬರುವ ಮೊದಲೇ ಹೊಸನಗರ ಮುಟ್ಟಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಮಂಜುನಾಥಪ್ಪನೂ ಹೂವಪ್ಪನೂ ಬಂದು ಜಗಲಿಯಲ್ಲಿ ಕೂತರು. ಬಂದವರು ಅಣ್ಣ, ದೊಡ್ಡಪ್ಪ. ಶರಾವತಿ ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು.

"ದೇವಿ ಮುಂದೆ ಇಟ್ಟ ಆಣೆ ಮುರ್ದೆಯಲ್ಲೋ," ಎಂದ ಮಂಜುನಾಥಪ್ಪ.

"ಸುಳ್ಳಾಣೆ ಇಟ್ಟವ್ನೂ ನಾನೇ. ಅದ್ಕೆ ದೇವಿ ಏನ್ ಕೊಡ್ತಾಳೋ ತಗಂತೀನಿ," ಎಂದ ಗುತ್ಯಪ್ಪ.

"ಯಾರ ಮನೇಲಿ ಒಂದೇಟು ಬೀಳಲ್ಲ ಭಾವ?" ಹೂವಪ್ಪನ ದನಿ ಒಡೆದಿತ್ತು. "ನಮ್ಮಪ್ಪ ನಮ್ಮವ್ವಂಗೆ ಹೊಡೀತಿರ್ಲಿಲ್ವಾ? ದವಡೆ ಮುರೀಲಿ ಅಂತ ಒದ್ನಾ ನಾನು? ಗದ್ದೆಯಿಂದ ಹಸ್ಕಂಡು ಬಂದಿದ್ದೆ, ಸಿಟ್ಟು ಬಂತು. ಈಗ ಮನೇಲಿ ಒಲೆ ಹಚ್ಚೋರಿಲ್ಲ. ಕಳ್ಸಿಕೊಡು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಅದು ಅಷ್ಟೇ ಆಗಿತ್ತು.

"ಕಳ್ಸದಿಲ್ಲ ಅಂದ್ರೆ ನಮ್ ಹುಡ್ಗಿ ನಮ್ ಜೊತೆ ಬರ್ತಾಳೆ," ಮಂಜುನಾಥಪ್ಪ ಎದ್ದು ನಿಂತ. "ಶರಾವತಿ, ಬಟ್ಟೆ ಕಟ್ಟು."

ಇದೇ ಒಂದು ಮಾತಿಗೆ ಹೆದರಿ ಗುತ್ಯಪ್ಪ ಅಷ್ಟು ದಿನ ಬಾಯಿ ಮುಚ್ಚಿಕೊಂಡು, ಗಂಡಸೆಂದು ಓಡಾಡಿಕೊಂಡಿದ್ದ. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಶರಾವತಿ ಬಾಗಿಲಿಗೊರಗಿ ನಿಂತಿದ್ದಳು. "ದೊಡ್ಡಪ್ಪ, ಇವ್ರಿಗೆ ಅವ್ರು ಅಂತ ಅಳ್ದು ಕೊಡೋಕೆ ನಾನೇನ್ ಭತ್ತನಾ? ನಾನ್ ಬರಲ್ಲ. ನಮ್ಮನೆಯವ್ರೇನು ದೊಡ್ಡ ಸಾಚಾ ಅಂತ ಅಲ್ಲ. ಎಲ್ಲಾ ಗೊತ್ತಿದ್ದೂ ಒಂಬತ್ತ್ ತಿಂಗ್ಳು ಉಂಡು ಮಲಗಿದೋರು. ನಾಳೆ ನಂಗೇ ಹಿಂಗಾದ್ರೂ ನೀವೆಲ್ಲ ಸೇರಿ ಆಣೆ ಇಡಿಸ್ತೀರಿ, ಅಷ್ಟೇ." ಬಗ್ಗಿ, ಯಾರೂ ಮುಟ್ಟದಿದ್ದ ಚೊಂಬನ್ನೂ ಬೆಲ್ಲದ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ಹೋದಳು.

ಬಂದವರ ಮುಂದಿನಿಂದ ನೀರು ತಿರುಗಿ ಹೋಯಿತು. ಮಂಜುನಾಥಪ್ಪನ ಮುಖ ಕಪ್ಪಾಯಿತು. ಹೂವಪ್ಪ ಒಳಗೆ ನುಗ್ಗುವವನಂತೆ ಹೊಸ್ತಿಲಿಗೆ ಕಾಲಿಟ್ಟ. "ಏಯ್, ಎದ್ದು ಬಾರೇ ಹೊರ್ಗೆ!"

ಒಳಗೆ ಗೋಡೆಗೊರಗಿ ಕೂತಿದ್ದ ಕನ್ನಮ್ಮ ಏಳಲಿಲ್ಲ. ಕಟ್ಟಿದ ಹಲ್ಲುಗಳ ನಡುವಿನಿಂದ, ಒಂದೊಂದೇ ಅಕ್ಷರ ಹಿಂಡಿ ತೆಗೆದಂತೆ, ತಮ್ಮನಿಗೆ ಹೇಳಿದಳು:

"ಬಾಗ್ಲು ಹಾಕು."

ಮನೆಗೆ ಬಂದ ಹಿರಿಯರ ಮುಖಕ್ಕೆ ಹಾಡುಹಗಲು ಬಾಗಿಲು ಹಾಕುವುದು ಹೆಣ ಎತ್ತಿದ ಮನೆಯಲ್ಲೂ ಇಲ್ಲದ ಪದ್ಧತಿ. ಗುತ್ಯಪ್ಪ ಜಗಲಿಯಿಂದ ಎದ್ದು, ಭಾವನನ್ನು ದಾಟಿ ಒಳಗೆ ಬಂದ. ಹೊಸ್ತಿಲ ಮೇಲಿದ್ದ ಭಾವನ ಕಾಲನ್ನು ನೋಡಿದ. "ಕಾಲು ತೆಗಿ ಭಾವ," ಎಂದ. ಮತ್ತೊಮ್ಮೆ ಹೇಳಬೇಕಾಗಲಿಲ್ಲ. ಬಾಗಿಲು ಹಾಕಿ, ಅಗುಳಿ ಸೇರಿಸಿ, ಅದಕ್ಕೇ ಬೆನ್ನು ಕೊಟ್ಟು ನಿಂತ.

ಅಕ್ಕ ಈಗಲಾದರೂ ತನ್ನನ್ನು ನೋಡುತ್ತಾಳೆಂದು ಅವನು ಕಾದ. ಅವಳು ನೋಡಲಿಲ್ಲ. ಶರಾವತಿ ಸೋಸಿ ತಂದ ಗಂಜಿಯನ್ನು ಕೈಗೆ ತೆಗೆದುಕೊಂಡು, ಬಟ್ಟಲಿನ ಅಂಚನ್ನು ತುಟಿಗಿಟ್ಟು, ಹಲ್ಲಿನ ಸಂದಿಯಿಂದ ಮೆಲ್ಲಗೆ ಹೀರತೊಡಗಿದಳು.