ಆರು ಕಲ್ಲಿನ ಹೊಲ

"ಲೇ ಮೈಲಾರಿ, ಆ ಗಂಟು ಹಡಗಿನಾಗ ಇಟ್ಟು ಬಾರಲೇ. ಸಂತಿಗೆ ಹೊಂಟೋರು ಅಂತಾರ ನಮ್ಮನ್ನ."

"ಇದು ಚರಗದ ಗಂಟೋ ಮಾರಾಯಾ. ಇವತ್ತ ಶೀಗಿ ಹುಣ್ಣಿವಿ. ಎಲ್ಲಿ ನೆಲ ಸಿಗತೈತಿ ಅಲ್ಲೇ ಚೆಲ್ರಿ ಅಂತ ಮಲ್ಲಮ್ಮ ಸಾರಿ ಸಾರಿ ಹೇಳ್ಯಾಳ."

ಕೊಚ್ಚಿಯ ಬಂದರದಲ್ಲಿ ಹಡಗಿನ ಮೆಟ್ಟಿಲು ಇಳಿಯುತ್ತಿದ್ದ ಇಬ್ಬರೂ ನಮ್ಮ ಯರಗುಪ್ಪಿಯವರು. ಹಡಗೆಂದರೆ ಹಡಗು! ಯರಗುಪ್ಪಿಯನ್ನೂ ಕುಬಿಹಾಳವನ್ನೂ ದನಕರು ಸಮೇತ ಹೇರಿದರೂ ಮೇಲೆ ಕುಂದಗೋಳದ ಸಂತೆ ಕೂಡಿಸಲು ಜಾಗ ಉಳಿಯುತ್ತಿತ್ತು. ಅದರ ಅಡುಗೆಮನೆಯ ಒಗ್ಗರಣೆಗೆ ಸಮುದ್ರದ ಮೀನುಗಳು ಸೀನುತ್ತಿದ್ದವು. ನಂಬಲಾಗದಿದ್ದರೆ ಅರ್ಧ ನಂಬಿರಿ, ಸಾಕು.

ಮುಂದೆ ಮಡಿವಾಳೆಪ್ಪ. ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಚಸ್ಮಾ. ಹಿಂದೆ ಮೈಲಾರಿ, ಹೆಗಲಿಗೆ ತನ್ನ ಗಂಟು, ಕೈಯಲ್ಲಿ ಮಡಿವಾಳೆಪ್ಪನ ಚೀಲ. ಹೊರು ಎಂದು ಯಾರೂ ಹೇಳಿರಲಿಲ್ಲ. ಮುಂಬಯಿಯಲ್ಲಿ ಹಡಗು ಹತ್ತಿದಾಗಿನಿಂದ ಅವನೇ ಹೊರುತ್ತಿದ್ದ. ಈ ಹಡಗಿನ ತಿರುಗಾಟಕ್ಕೆ ಬೀಜದ ಕಂಪನಿಯವರು ಚೀಟಿ ಎತ್ತಿದಾಗ ಮಡಿವಾಳೆಪ್ಪನ ಹೆಸರು ಬಂದಿತ್ತಂತೆ, ಜೋಡಿಗೊಬ್ಬರನ್ನು ಕರೆತರಬಹುದಂತೆ. ಹೆಂಡತಿ ಶಿವಗಂಗವ್ವ, ಕೆರೆ ಕಂಡರೇ ತಲೆ ತಿರುಗುತ್ತದೆ, ಸಮುದ್ರ ಒಲ್ಲೆ ಎಂದಳು. "ಹಂಗಾರ ನಮ್ಮ ಮೈಲಾರಿ ಬರ್ತಾನ" ಎಂದು ಅವನು ಊರಬಾಗಿಲ ಅಗಸಿ ಕಟ್ಟೆಯ ಮೇಲೆ ನಿಂತು ಸಾರಿದಾಗ ಊರೇ ಚಪ್ಪಾಳೆ ತಟ್ಟಿತ್ತು. ಗೆಳೆಯ ಅಂದರೆ ಹೀಗಿರಬೇಕು ಎಂದು ಬೇವಿನ ಗಿಡದ ಕಾಗೆಗಳೂ ಮಾತಾಡಿಕೊಂಡವು.

ಗೆಳೆತನ ಸಣ್ಣದಲ್ಲ. ಮೀಸೆ ಮೂಡುವ ಮೊದಲಿನಿಂದಲೂ ಮೈಲಾರಿಯ ಹೊಲದಲ್ಲಿ ಚರಗ ಚೆಲ್ಲುವವರು ಇವರಿಬ್ಬರೇ. ಮೈಲಾರಿ ಮುಂದೆ ಹೋಗುತ್ತ ಬೆಳೆಗೆ ರೊಟ್ಟಿ, ಹೋಳಿಗೆ ಮುರಿದು ಎರಚಿ "ಹುಲ್ಲುಲ್ಲಿಗ್ಯೋ!" ಎನ್ನಬೇಕು. ಮಡಿವಾಳೆಪ್ಪ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ "ಚಳ್ಳಾಂಬ್ರಿಗ್ಯೋ!" ಎಂದು ಓಗೊಡಬೇಕು. ಕೂಗೊಬ್ಬನದು, ಓಗೊಡುವುದು ಇನ್ನೊಬ್ಬನದು; ಎರಡೂ ಒಬ್ಬನದೇ ಆದರೆ ಭೂಮ್ತಾಯಿಗೆ ಮುಟ್ಟುವುದಿಲ್ಲ. ಇವರ ಕೂಗಿಗೆ ಹುಬ್ಬಳ್ಳಿ ಟೇಸನ್ನಿನಲ್ಲಿ ಹೊರಟ ರೈಲು ನಿಂತು ಕೇಳುತ್ತಿತ್ತು.

ಆ ಹೊಲಕ್ಕೆ ಇನ್ನೊಂದು ಗುರುತಿತ್ತು. ಎಲ್ಲರ ಹೊಲದಲ್ಲೂ ಬನ್ನಿ ಗಿಡದ ಬುಡಕ್ಕೆ ಸುಣ್ಣ ಬಳಿದ ಐದು ಕಲ್ಲು, ಪಂಚಪಾಂಡವರು. ಮೈಲಾರಿಯ ಹೊಲದಲ್ಲಿ ಮಾತ್ರ ಆರು. ಮದುವೆಯಾಗಿ ಬಂದ ವರ್ಷ ಮೈಲಾರಿಯ ಹೆಂಡತಿ ಮಲ್ಲಮ್ಮ, "ಕರ್ಣ ಏನ್ ಪಾಪ ಮಾಡ್ಯಾನ್ರಿ? ಅವನೂ ಇವ್ರ ಅಣ್ಣನ ಅಲ್ಲೇನು?" ಎಂದು ಒಂದು ಕಲ್ಲು ತಂದಿಟ್ಟಿದ್ದಳು. ಭೂಮಂಡಲದಲ್ಲಿ ಆರು ಕಲ್ಲಿನ ಹೊಲ ಅದೊಂದೇ.

ಸಮುದ್ರದ ದಂಡೆಯ ಹೋಟೆಲ್ಲಿನಲ್ಲಿ ಕಂಪನಿಯವರು ಸಭೆ ಇಟ್ಟಿದ್ದರು. ಧಾರವಾಡದ ಕಡೆಯ ಹುಡುಗಿ, ಅಮೃತಾ ಎಂಬ ಆಫೀಸರು, ಮೈಲಾರಿಯನ್ನು ಹಿಂದಿನ ಸಾಲಿನಲ್ಲಿ ಕೂಡಿಸಿ ತಾನೂ ಬಾಜೂಕ ಕುಳಿತಳು. ವೇದಿಕೆಯ ಮೇಲೆ ಪರದೆ ಸರಿಯಿತು. ಗೋಡೆಯಷ್ಟು ಎತ್ತರದ ಫೋಟೋ. ಕೆಂಡ ಸುರುವಿದಂಥ ಮೆಣಸಿನಕಾಯಿ ಹೊಲ, ನಡುವೆ ಬನ್ನಿ ಗಿಡ, ಬುಡದಲ್ಲಿ ಬೆಳ್ಳಗೆ ಆರು ಕಲ್ಲು. ಗಿಡಕ್ಕೆ ಕೈಯೂರಿ ನಿಂತವನು ಮಡಿವಾಳೆಪ್ಪ.

"ಏ, ನಮ್ಮ ಹೊಲಾ!" ಮೈಲಾರಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ.

ಅಮೃತಾ ನಕ್ಕಳು. "ನಿಮ್ಮದ ಅನ್ರಿ, ಏನ್ ತಪ್ಪಿಲ್ಲ. ಮಡಿವಾಳೆಪ್ಪನವ್ರು ಹೇಳ್ಯಾರ್ರಿ, ಹೊಲ ನಂದಾದ್ರೂ ನಮ್ಮ ಆಳಮನಷ್ಯಾ ತನ್ನದ ಅಂತ ತಿಳದು ದುಡೀತಾನ ಅಂತ. ಅದಕ್ಕ ಅಲ್ಲೇನ್ರಿ ನಿಮ್ಮನ್ನ ಕರ್ಕೊಂಡು ಬಂದಾರ?"

"ಚೀಟಿ ಎತ್ತಿದ್ರಂತಲ್ರಿ…"

"ಎಲ್ಲೀ ಚೀಟಿ? ಎಲ್ಲಾರಕಿಂತ ಛಲೋ ಬೆಳಿ ತಗದ ರೈತರಿಗೆ ಇಟ್ಟ ಬಹುಮಾನರಿ ಇದು."

ಮೈಲಾರಿ ಮೆಲ್ಲಗೆ ಕುಳಿತ. ಹೋದ ಮಾಘದಲ್ಲಿ ಕಂಪನಿಯವರು ಹೊಲಕ್ಕೆ ಬಂದಿದ್ದರು. "ಸಾಹೇಬ್ರಿಗೆ ಬಿಸಿ ಮಿರ್ಚಿ ಭಜಿ ತಾರಲೇ" ಎಂದು ಮಡಿವಾಳೆಪ್ಪ ಅವನನ್ನು ಊರಿಗೆ ಓಡಿಸಿದ್ದ. ಅವನು ತಿರುಗಿ ಬರುವುದರೊಳಗೆ ಜೀಪು ಹೊರಟು ನಿಂತಿತ್ತು. ವೇದಿಕೆಯಲ್ಲಿ ಈಗ ಮಡಿವಾಳೆಪ್ಪನಿಗೆ ಶಾಲು, ಪೇಟ, ಆನೆಗೂ ಭಾರವಾಗುವಂಥ ಹಾರ. ಜನ ಚಪ್ಪಾಳೆ ತಟ್ಟಿದರು. ಮೈಲಾರಿಯ ಕೈಗಳೂ ರೂಢಿಯಿಂದ ಎದ್ದವು, ಕೂಡಲಿಲ್ಲ.

ಅವನು ಗಂಟನ್ನೂ ಚೀಲವನ್ನೂ ಎತ್ತಿಕೊಂಡು ದಂಡೆಗೆ ಬಂದ. ನೀರಿನ ಅಂಚಿಗೆ ಚೀಲ ಇಳಿಸಿ ಗಂಟು ಬಿಚ್ಚುತ್ತಿದ್ದಾಗ ಮಡಿವಾಳೆಪ್ಪ ಹಾರ ಸಮೇತ ಉಸಿರು ಬಿಡುತ್ತ ಬಂದ.

"ಕೇಳಿಲ್ಲೆ. ಬೀಜ ಕೊಟ್ಟಾಂವ ನಾನು, ಗೊಬ್ಬರ ಕೊಟ್ಟಾಂವ ನಾನು. ಒಂದ್ ಹೆಸರು ಬರಸಿದ್ದಕ್ಕ ಏನಾತು? ಬ್ಯಾರೇದಾಂವ ಆಗಿದ್ರ ನಿನ್ನ ಈ ಸಮುದ್ರಕ್ಕ ಕರ್ಕೊಂಡು ಬರ್ತಿದ್ನೇನು?"

ಮೈಲಾರಿ ಸಜ್ಜಿ ರೊಟ್ಟಿ ಮುರಿಯುತ್ತ ಹೇಳಿದ, "ಆವತ್ತ ಭಜಿ ಆರಬಾರದು ಅಂತ ನಾ ಓಡಿಕೋತ ಬಂದಿದ್ದೆ."

ಮಡಿವಾಳೆಪ್ಪ ಬಗ್ಗಿ ಗಂಟಿನಲ್ಲಿದ್ದ ನೀರಿನ ಬಾಟಲಿ ಎತ್ತಿಕೊಂಡ. "ಆತು ಬಾ, ಕೂಗು. ನಾ ಹಿಂದ ಬರ್ತೀನಿ."

ಮೈಲಾರಿ ಅವನ ಕೈಯಿಂದ ಬಾಟಲಿ ತೆಗೆದುಕೊಂಡ. ಕಸಿದುಕೊಳ್ಳಲಿಲ್ಲ; ಸಣ್ಣ ಕೂಸಿನ ಕೈಯಿಂದ ಕುಡುಗೋಲು ಬಿಡಿಸಿಕೊಳ್ಳುವ ಹಾಗೆ ತೆಗೆದುಕೊಂಡ. ನಾಲ್ಕು ಹೆಜ್ಜೆ ಮುಂದೆ ಹೋಗಿ ರೊಟ್ಟಿ ಎರಚಿದ. "ಹುಲ್ಲುಲ್ಲಿಗ್ಯೋ!"

ಆ ಕೂಗಿಗೆ ಸಮುದ್ರ ಸೀಳಿತು ಎನ್ನಬಹುದಿತ್ತು. ಪಕ್ಕದಲ್ಲಿ ಕೂತ ಹಕ್ಕಿಯೂ ತಿರುಗಿ ನೋಡಲಿಲ್ಲ.

ಅವನು ಹಿಂದಿರುಗಿ ನಿಂತು, ಉಸುಕಿನಲ್ಲಿ ಮೂಡಿದ್ದ ತನ್ನದೇ ಹೆಜ್ಜೆಗಳ ಮೇಲೆ ನೀರು ಚಿಮುಕಿಸಿದ. "ಚಳ್ಳಾಂಬ್ರಿಗ್ಯೋ" ಎಂದು ತಾನೇ ಅಂದುಕೊಂಡ. ಮತ್ತೆ ಮುಂದೆ ಹೋದ, ಮತ್ತೆ ಹಿಂದಿರುಗಿದ. ಮಡಿವಾಳೆಪ್ಪ ಹಾರ ಹಾಕಿಕೊಂಡೇ ನಿಂತಿದ್ದ. ನಡುವೆ ಅವನ ಚೀಲಕ್ಕೆ ತೆರೆಯೊಂದು ಬಂದು ತಾಗಿ ಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ.