ನೀರಿಗೆ ಹೋಗದ ಎಣ್ಣಿ

ಗೌತಮಿ ಮೇಡಂ ಬೋರ್ಡಿನ ಮೇಲೆ ನೀರಿನ ಅಣು ಬರೆದು, ಆಕ್ಸಿಜನ್ ಕಡೆಗೆ ಸಣ್ಣ ಋಣ ಚಿಹ್ನೆ, ಎರಡೂ ಹೈಡ್ರೋಜನ್‌ಗಳ ಕಡೆಗೆ ಧನ ಚಿಹ್ನೆ ಹಾಕಿದರು. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಎಳೆದುಕೊಳ್ಳುವುದರಿಂದ ಅವುಗಳ ನಡುವಿನ ಬಂಧ ಪೋಲಾರ್, ಅಂದರೆ ಒಂದು ತುದಿ ಋಣ, ಇನ್ನೊಂದು ತುದಿ ಧನ. ಅಣು ಬಾಗಿರುವುದರಿಂದ ಇಡೀ ಅಣುವೂ ಪೋಲಾರ್. ಪಕ್ಕದಲ್ಲಿ ಬರೆದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಬಂಧಗಳು ಪೋಲಾರ್ ಆದರೂ ಅಣು ನೆಟ್ಟಗಿದೆ. ಎರಡು ಕಡೆಯ ಎಳೆತ ಸರಿಸಮವಾಗಿ ಅಣು ನಾನ್‌ಪೋಲಾರ್ ಆಗುತ್ತದೆ.

"ನೀರು ತನ್ನಂಥಾದ್ದನ್ನ ಕರಗಿಸಿಕೊಳ್ತದ. ಎಣ್ಣಿ ನಾನ್‌ಪೋಲಾರ್. ಕೈಗೆ ಹತ್ತಿದ್ರ ಎಷ್ಟ್ ನೀರು ಸುರುವಿದ್ರೂ ಪೂರಾ ಹೋಗಂಗಿಲ್ಲ. ಸಾಬೂನ ಬೇಕು. ಅದರ ಒಂದು ತುದಿ ಎಣ್ಣಿ ಹಿಡೀತದ, ಇನ್ನೊಂದು ತುದಿ ನೀರು ಹಿಡೀತದ."

ಮೂರನೆಯ ಬೆಂಚಿನಲ್ಲಿ ಸಮ್ರೀನಳ ಪೆನ್ನು ನಿಂತಿತು.

ತಿಕೋಟಾದಿಂದ ದಿನಾ ಬಸ್ಸಿನಲ್ಲಿ ವಿಜಯಪುರದ ಕಾಲೇಜಿಗೆ ಬರುವ ಹುಡುಗಿ ಅವಳು. ಪಿಯುಸಿ ಮೊದಲ ವರ್ಷ. ಅವಳು ಎಂಟನೆಯ ತರಗತಿಯಲ್ಲಿದ್ದಾಗ ಅಬ್ಬಾ ಯುನುಸ ದ್ರಾಕ್ಷಿ ತೋಟವೊಂದರಲ್ಲಿ ಕೀಟನಾಶಕ ಹೊಡೆಯುತ್ತಿದ್ದ. ತೋಟದವರು ಅದಕ್ಕೆ ಎಣ್ಣಿ ಎಂದೇ ಅನ್ನುತ್ತಾರೆ. ಒಂದು ಭಾನುವಾರ ಕ್ಯಾನು ಕೈಜಾರಿ, ನೀರು ಬೆರೆಸದ ಎಣ್ಣಿ ಅವನ ಎದೆ, ಹೊಟ್ಟೆಯ ಮೇಲೆಲ್ಲ ಸುರಿಯಿತು. ಬುತ್ತಿ ತಂದಿದ್ದ ಸಮ್ರೀನ ತೊಟ್ಟಿಯಿಂದ ಕೊಡಗಟ್ಟಲೆ ನೀರು ಮೊಗೆದು ಹಾಕಿದಳು. "ಸಾಕವಾ, ಎಲ್ಲಾ ಹೋತು," ಎಂದು ನಕ್ಕು ಅವನು ಅದೇ ಒದ್ದೆ ಅಂಗಿಯಲ್ಲಿ ಮತ್ತೆ ಕೆಲಸಕ್ಕೆ ನಿಂತ. ಸಂಜೆಗೆ ಬಾಯಲ್ಲಿ ನೊರೆ ಬಂತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಕ್ಲಾಸು ಮುಗಿದ ಮೇಲೆ ಸಮ್ರೀನ ಮೇಡಂ ಹಿಂದೆ ಹೋದಳು.

"ಮೇಡಂ, ತ್ವಾಟಕ್ಕ ಹೊಡಿಯೋ ಎಣ್ಣಿನೂ ನಾನ್‌ಪೋಲಾರ್ ಏನ್ರಿ?"

"ಅದರಾಗ ಭಾಳಷ್ಟು ನೀರಿನಾಗ ಸರಿಯಾಗಿ ಕರಗಂಗಿಲ್ಲ. ಯಾಕ?"

ಪುಸ್ತಕ ಎದೆಗೊತ್ತಿಕೊಂಡು, ನಿಂತಲ್ಲೇ ಎಲ್ಲವನ್ನೂ ಹೇಳಿದಳು. "ಅವತ್ತು ನಾ ಸಾಬೂನ ಹಚ್ಚಿದ್ದರ ಅಬ್ಬಾ ಉಳೀತಿದ್ರೇನ್ರಿ?"

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಗೌತಮಿ ಹಾಗೆ ಹೇಳಲಿಲ್ಲ.

"ಇನ್ನಷ್ಟು ಹೋಗ್ತಿತ್ತು, ಖರೆ. ಅಂಗಿ ತಗೀಬೇಕಿತ್ತು, ಲಗೂನ ದವಾಖಾನಿಗೆ ಒಯ್ಯಬೇಕಿತ್ತು. ಉಳೀತಿದ್ರೋ ಇಲ್ಲೋ, ಅದನ್ನ ಯಾರಿಗೂ ಹೇಳಾಕ ಆಗಂಗಿಲ್ಲ. ಆದ್ರ ನಿನಗ ಇದನ್ನ ಯಾರೂ ಕಲಿಸಿದ್ದಿಲ್ಲ, ಸಮ್ರೀನ. ಅಲ್ಲಿದ್ದ ದೊಡ್ಡವರಿಗೂ ಗೊತ್ತಿದ್ದಿಲ್ಲ."

ಮನೆಯಲ್ಲಿ ಅಮ್ಮಿ ಮಕ್ತುಮಬಿ ರೊಟ್ಟಿ ಬಡಿಯುತ್ತಿದ್ದಳು. ಸಮ್ರೀನ ಅವಳ ಪಕ್ಕ ಕುಳಿತು, ತಡವರಿಸುತ್ತ ಸಾಬೂನಿನ ವಿಷಯ ತೆಗೆದಳು. ಅಮ್ಮಿಯ ಕೈ ನಿಂತಿತು.

"ನನಗ ಗೊತ್ತೈತಿ," ಎಂದಳು. "ಅವತ್ತ ಡಾಕ್ಟರ್ ಕೇಳಿದ್ರು, ಸಾಬೂನ ಹಚ್ಚಿ ತೊಳದೀರೇನು ಅಂತ."

"ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲಮ್ಮಿ?"

"ನೀರು ಹಾಕಿದಾಕಿ ನೀನು. ಹೆಂಗ ಹೇಳ್ಲಿ?"

ತವೆಯ ಮೇಲೆ ರೊಟ್ಟಿ ಸೀದು ಹೊಗೆಯೆದ್ದರೂ ಇಬ್ಬರೂ ಏಳಲಿಲ್ಲ. ಅಬ್ಬಾ ಹೋದ ಮೇಲೆ ತಾಯಿ ಮಗಳು ಒಬ್ಬರ ಎದುರು ಒಬ್ಬರು ಅತ್ತದ್ದು ಅದೇ ಮೊದಲು.

ಮುಂದಿನ ಭಾನುವಾರ ಸಮ್ರೀನ ತಾನಾಗಿಯೇ ಅಮ್ಮಿಯನ್ನು ಕರೆದುಕೊಂಡು ಆ ತೋಟಕ್ಕೆ ಹೋದಳು. ಅಬ್ಬಾನ ಜೊತೆಗಾರ ಹಣಮಂತ ಈಗಲೂ ಅಲ್ಲೇ ಎಣ್ಣಿ ಹೊಡೆಯುತ್ತಿದ್ದ.

"ಕಾಕಾ, ಮೈಮ್ಯಾಲೆ ಎಣ್ಣಿ ಬಿದ್ರ ಬರೇ ನೀರು ಹಾಕ್ಕೋಬ್ಯಾಡ್ರಿ. ಮೊದಲ ಅಂಗಿ ತಗೀರಿ. ಸಾಬೂನ ಹಚ್ಚಿ ಭಾಳೊತ್ತು ತೊಳೀರಿ. ಆಮ್ಯಾಲೆ ಆರಾಮ ಅನಿಸಿದ್ರೂ ದವಾಖಾನಿಗೆ ಹೋಗ್ರಿ, ಎಣ್ಣಿ ಬಾಟ್ಲಿ ತೋರಸ್ರಿ."

ಹಣಮಂತ ಅವಳ ಮುಖ ನೋಡಿದ. ಬಳ್ಳಿಗಳ ಕಡೆ ತಿರುಗಿ ಇನ್ನಿಬ್ಬರನ್ನು ಕೂಗಿ ಕರೆದ.

"ಇವರಿಗೂ ಹೇಳವಾ."

ಸಮ್ರೀನ ಮೊದಲಿನಿಂದ ಹೇಳತೊಡಗಿದಳು. ಈ ಸಲ ಅಬ್ಬಾನ ಹೆಸರನ್ನೂ ಹೇಳಿದಳು.