ಅರಸನಿಗೊಂದು ಕಾಮಾ

ಅನುಪಮಾ ಸಿಂಧನೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಲು ಹತ್ತಿ ಹನ್ನೊಂದು ವರ್ಷವಾಗಿತ್ತು. ‘ಹೂ’, ‘ವಿಚ್’ ಹಚ್ಚಿ ಬರೆಯುವ ಉಪವಾಕ್ಯಗಳಲ್ಲಿ ಡಿಫೈನಿಂಗ್ ಕ್ಲಾಜಿಗೆ ಕಾಮಾ ಇಲ್ಲ, ನಾನ್-ಡಿಫೈನಿಂಗ್ ಕ್ಲಾಜಿಗೆ ಎರಡೂ ಬದಿಗೆ ಕಾಮಾ ಎಂದು ಅಷ್ಟೂ ವರ್ಷ ಬಾಯಿಪಾಠ ಮಾಡಿಸಿದ್ದಳು. ಆ ಶುಕ್ರವಾರ ಬೋರ್ಡಿನ ಮೇಲಿನ ಎರಡು ಉದಾಹರಣೆ ವಾಕ್ಯ ನೋಡಿ ಹತ್ತನೇ ತರಗತಿಯ ವಸೀಮಾ ಎದ್ದು ನಿಂತಳು.

“ಮೇಡಂ, ಎರಡೂ ಕಡೆ ಮಾತು ಅವೇ ಅದಾವ. ಒಂದಕ್ಕ ಕಾಮಾ ಬೇಕು, ಇನ್ನೊಂದಕ್ಕ ಬ್ಯಾಡ. ಯಾಕ್ರಿ?”

“ರೂಲ್ ಹಂಗೈತಿ, ಕುಂದ್ರು.”

ಅಂದುಬಿಟ್ಟಳು, ಆದರೆ ಆ ಉತ್ತರ ಅವಳಿಗೇ ರುಚಿಸಲಿಲ್ಲ. ಲಿಂಗಸುಗೂರಿನ ಮನೆ ಮುಟ್ಟುವವರೆಗೂ ಬಸ್ಸಿನಲ್ಲಿ ಅದೇ ಪ್ರಶ್ನೆ ಕೊರೆಯಿತು.

ಮರುದಿನ ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಮಕ್ಕಳನ್ನು ಮಸ್ಕಿಯ ಶಾಸನ ತೋರಿಸಲು ಕರೆದೊಯ್ದಳು. ಅಲ್ಲಿ ಬಂಡೆ ಕಾಯುವ ತಾಯಪ್ಪ ಕೋಲಿನಿಂದ ಮೊದಲ ಸಾಲು ತೋರಿಸಿದ.

“ಮೊದ್ಲು ಸಿಕ್ಕ ಕಲ್ಲಿನಾಗೆಲ್ಲ ‘ದೇವರಿಗೆ ಪ್ರಿಯನಾದ ಅರಸ’ ಅಂತಿತ್ರಿ, ಹೆಸರಿದ್ದಿಲ್ಲ. ಯಾವ ಅರಸ? ಓದಿದೋರು ಅಂದಾಜಿನ ಮ್ಯಾಲೆ ಹೇಳ್ತಿದ್ರು. ಇಲ್ಲಿ ನೋಡ್ರಿ, ‘ದೇವಾನಂಪಿಯಸ ಅಸೋಕಸ’, ಅಂದ್ರ ದೇವರಿಗೆ ಪ್ರಿಯನಾದ ಅಶೋಕನ. ಹೆಸರು ಸಿಕ್ತು, ಖಾತ್ರಿ ಆತು.”

ಅನುಪಮಾಳಿಗೆ ನಿನ್ನೆಯ ಕಾಮಾದ ಪ್ರಶ್ನೆ ನೆನಪಾಯಿತು. ಅವ್ವ ಗದ್ದೆಮ್ಮ ಪ್ರತಿ ಬುದ್ಧಪೂರ್ಣಿಮೆಗೆ ಇಲ್ಲಿಗೆ ಕರೆತಂದು ಕೈಮುಗಿಸುತ್ತಿದ್ದಳು. ಎಷ್ಟು ಸಲ ನೋಡಿದ್ದ ಕಲ್ಲು!

“ವಸೀಮಾ, ಇಲ್ಲಿ ಬಾ. ‘ದೇವರಿಗೆ ಪ್ರಿಯನಾದ ಅರಸ ಇದನ್ನ ಬರೆಸಿದ’. ಇದರಾಗ ‘ದೇವರಿಗೆ ಪ್ರಿಯನಾದ’ ಅನ್ನೂದು ತಗದ್ರ?”

“ಬರೇ ಅರಸ ಉಳೀತಾನ್ರಿ. ಯಾರಂತ ಗೊತ್ತಾಗಂಗಿಲ್ಲ.”

“ಅದ ಡಿಫೈನಿಂಗ್. ಅದಕ್ಕ ಅಲ್ಲಿ ಕಾಮಾ ಹಾಕಿ ಬಿಡಿಸೂ ಹಂಗಿಲ್ಲ. ಈಗ ಕೇಳು. ‘ಅಶೋಕ, ಅಂವ ದೇವರಿಗೆ ಪ್ರಿಯನಾದಂವ, ಇದನ್ನ ಬರೆಸಿದ’.”

ವಸೀಮಾ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಕಣ್ಣು ಅರಳಿದವು.

“ಅಶೋಕ ಅಂದಕೂಡ್ಲೇ ಯಾರಂತ ತಿಳೀತಲ್ರಿ! ನಡುವಿಂದು ಹೆಚ್ಚಿನ ಮಾತು. ತಗದ್ರೂ ಅಂವ ಅಂವನ ಇರ್ತಾನ!”

“ಹೌದವ್ವ,” ಅಂದಳು ಅನುಪಮಾ. ಇಡೀ ದೇಶ ಹುಡುಕುತ್ತಿದ್ದ ಒಂದು ಹೆಸರು ತಮ್ಮೂರ ಬದಿಯ ಈ ಗುಡ್ಡದಲ್ಲಿ ಎರಡು ಸಾವಿರ ವರ್ಷ ಸುಮ್ಮನೆ ಕೂತಿತ್ತು. ತಾನು ದಿನಾ ಬಸ್ಸಿನಲ್ಲಿ ಅದರ ಬುಡದಲ್ಲೇ ಹಾದುಹೋಗುತ್ತಿದ್ದಳು.

“ಹೆಸರು ಯಾವ ಅಕ್ಷರದಿಂದ ಸುರು ಆಗ್ತದ್ರಿ ಕಾಕಾ?” ವಸೀಮಾ ತಾಯಪ್ಪನನ್ನು ಕೇಳಿದಳು.

ಅವನು ಕೋಲು ಇಟ್ಟು ಬ್ರಾಹ್ಮಿ ಲಿಪಿಯ ‘ಅ’ ತೋರಿಸಿ, ಮುಂದಿನ ಅಕ್ಷರಗಳನ್ನೂ ಹೇಳಿಕೊಟ್ಟ. ಅನುಪಮಾ ಚಪ್ಪಲಿ ಬಿಟ್ಟು ಹುಡುಗಿಯ ಪಕ್ಕದಲ್ಲೇ ಮಂಡಿಯೂರಿದಳು. ಇಬ್ಬರೂ ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು.